‘ಹ’ದಿಂದ ಶುರುವಾಗುವ ಊರುಗಳು

ನನಗೆ ಓದು ಬರುತ್ತದೆ ಎಂದು ನಾನು ಸುಳ್ಳು ಹೇಳಿದ್ದೆ. ಆ ಸುಳ್ಳಿನಿಂದ ಒಂದು ಲಾರಿ ಮಂಡಕ್ಕಿ ಹರಪನಹಳ್ಳಿಗೆ ಹೋಗುವುದು ಬಿಟ್ಟು ಹಡಗಲಿಗೆ ಹೋಯಿತು. ಲಾರಿ ಓಡಿಸುತ್ತಿದ್ದವಳು ನನ್ನ ಸೊಸೆ. ಕ್ಲೀನರ್ ನಾನು. ಕ್ಯಾಬಿನ್ನಿನಲ್ಲಿ ಸೀರೆ ಜೋಲಿಯೊಳಗೆ ಎಂಟು ತಿಂಗಳ ಕೂಸು. ನಮ್ಮೂರಿನ ಜನ ಈ ಕಥೆಯನ್ನು ಅವರವರಿಗೆ ಬೇಕಾದ ಹಾಗೆ ಹೇಳಿಕೊಂಡು ಬಂದಿದ್ದಾರೆ. ಸೊಸೆ ದಾರಿ ತಪ್ಪಿದಳು ಅನ್ನುತ್ತಾರೆ. ಆ ಮಾತಿಗೆ ಇನ್ನೊಂದು ಅರ್ಥ ಇದೆ ಎಂದು ಗೊತ್ತಿದ್ದೇ ಅನ್ನುತ್ತಾರೆ. ತಪ್ಪಿಸಿದವಳು ನಾನು. ಅದನ್ನು ಬರೆದಿಡಬೇಕು ಎಂದು ಕೂತಿದ್ದೇನೆ. ಒತ್ತಕ್ಷರಗಳನ್ನು ಮೊಮ್ಮಗಳು ತಿದ್ದಿಕೊಡುತ್ತಾಳೆ. ಬೇರೆ ಏನನ್ನೂ ತಿದ್ದಕೂಡದು ಎಂದು ಹೇಳಿದ್ದೇನೆ.

ನಮ್ಮದು ಹಗರಿಬೊಮ್ಮನಹಳ್ಳಿ. ಲಾರಿ ನನ್ನ ಹೆಸರಿನಲ್ಲಿತ್ತು. ಗಂಡ ಅದನ್ನು ನನ್ನ ಹೆಸರಿಗೆ ಮಾಡಿಸಿದ್ದು ಪ್ರೀತಿಯಿಂದಲ್ಲ, ಅಣ್ಣತಮ್ಮಂದಿರು ನಾಳೆ ಪಾಲು ಕೇಳಿಯಾರು ಎಂಬ ಅಂಜಿಕೆಯಿಂದ. ಅವನು ಸತ್ತ ಮೇಲೆ ಮಗ ಓಡಿಸಿದ. ಮಗ ಹೊಸಪೇಟೆಯಲ್ಲಿ ಬೇರೊಬ್ಬಳ ಜೊತೆ ಮನೆ ಮಾಡಿದ. ಒಂದು ದಿನ ಬೆಳಿಗ್ಗೆ ಲಾರಿಯನ್ನು ಮನೆ ಮುಂದೆ ತಂದು ನಿಲ್ಲಿಸಿ, ಕೀಲಿಯನ್ನು ಬಾಗಿಲ ಮೊಳೆಗೆ ತೂಗುಹಾಕಿ, ಬಸ್ಸು ಹತ್ತಿ ಹೋದ. ಸೊಸೆ ಆಗ ಏಳು ತಿಂಗಳ ಬಸುರಿ. ಅವನ ವಿಷಯ ಇಷ್ಟೇ. ಅವನಿಗಾಗಿ ಇನ್ನೊಂದು ಸಾಲು ನಾನು ಬರೆಯುವುದಿಲ್ಲ.

ಲಾರಿ ಬೇವಿನ ಮರದ ಕೆಳಗೆ ನಿಂತೇ ಇತ್ತು. ಕ್ಯಾಬಿನ್ನಿನ ಕಿಟಕಿಯ ಗಾಜು ಏರಿಸಲು ಬರುತ್ತಿರಲಿಲ್ಲ, ಹಾಗಾಗಿ ಕೋಳಿಗಳು ಒಳಗೆ ಹೋಗಿ ಡ್ರೈವರ್ ಸೀಟಿನ ಮೇಲೆ ಮೊಟ್ಟೆ ಇಡಲು ಶುರು ಮಾಡಿದವು. ನಾನು ದಿನಾ ಬೆಳಿಗ್ಗೆ ಹತ್ತಿ ಮೊಟ್ಟೆ ಇಳಿಸಿಕೊಂಡು ಬರುತ್ತಿದ್ದೆ. ಲಾರಿ ಸ್ಟ್ಯಾಂಡಿನ ಏಜೆಂಟ ಮೂರು ಸಲ ಮನೆಗೆ ಬಂದು ಗಾಡಿ ತನಗೇ ಕೊಡಿ ಎಂದು ಕೇಳಿದ. ಕೊಟ್ಟುಬಿಡುವುದು ಎಂದು ನನ್ನ ಮನಸ್ಸೂ ಇತ್ತು. ಹೆಂಗಸರಿಬ್ಬರ ಮನೆಗೆ ಲಾರಿ ಏಕೆ ಬೇಕು, ಮೊಟ್ಟೆ ಇಡಲಿಕ್ಕೆ ಬುಟ್ಟಿ ಸಾಕು.

ಸೊಸೆ ಹೆತ್ತು, ಬಾಣಂತನ ಮುಗಿಸಿ, ಕೂಸಿಗೆ ಐದು ತಿಂಗಳಾದಾಗ ಒಂದು ದಿನ ರೊಟ್ಟಿ ಬಡಿಯುತ್ತಾ ಹೇಳಿದಳು.

“ಅತ್ತಿ, ಗಾಡಿ ಮಾರಬ್ಯಾಡ್ರಿ. ನಾ ಹೊಡೀತೀನಿ.”

ಅವಳ ತವರು ಕೂಡ್ಲಿಗಿ ಕಡೆಯ ಒಂದು ಹಳ್ಳಿ. ಅವಳಪ್ಪನ ಹತ್ತಿರ ಟ್ರ್ಯಾಕ್ಟರ್ ಇತ್ತು, ಗಂಡುಮಕ್ಕಳಿರಲಿಲ್ಲ. ಹಾಗಾಗಿ ಹದಿನೆಂಟಕ್ಕೇ ಅವಳಿಗೆ ಟ್ರ್ಯಾಕ್ಟರ್ ಲೈಸೆನ್ಸ್ ಇತ್ತು. ಲಾರಿ ಕಲಿಸಿದವನು ನನ್ನ ಮಗನೇ. ಹೆಂಡತಿ ಕಲಿಯಲಿ ಎಂದಲ್ಲ. ಅವನು ಕುಡಿದು ಬಿದ್ದಾಗ ಗಾಡಿ ಮನೆಗೆ ತರಲು ಒಬ್ಬರು ಬೇಕಾಗಿತ್ತು. ಎಷ್ಟೋ ಸಲ ಅವನು ಪಕ್ಕದ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದಾಗ ಇವಳೇ ಹೊಡೆದುಕೊಂಡು ಬಂದು, ಊರು ಹತ್ತಿರ ಬಂದ ಮೇಲೆ ಅವನನ್ನು ಎಬ್ಬಿಸಿ ಸೀಟು ಬದಲಾಯಿಸಿಕೊಳ್ಳುತ್ತಿದ್ದಳು. ಆ ವಿಷಯ ನನಗೂ ಗೊತ್ತಿರಲಿಲ್ಲ. ಅವತ್ತು ಒಲೆ ಮುಂದೆ ಹೇಳಿದಳು.

ನಾನು ಬೈದೆ. ಮೊಲೆಗೆ ಕೂಸು ಕಚ್ಚಿಕೊಂಡಿರುವವಳು ಸ್ಟೇರಿಂಗ್ ಹಿಡಿಯುತ್ತಾಳಂತೆ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

“ಕೂಸಿಗಿ ಕುಡಿಸೂದು ಎದಿ, ಗಾಡಿ ಹೊಡಿಯೂದು ಕೈ. ಎರಡೂ ಒಂದೇ ಮೈಯಾಗ ಅದಾವ್ರಿ.”

ನಾನು ಒಪ್ಪಿಕೊಂಡೆ. ಮಾತು ಸರಿ ಇದ್ದರೆ ನಾನು ಒಪ್ಪಿಕೊಳ್ಳುತ್ತೇನೆ. ಇದೊಂದು ನನ್ನ ಒಳ್ಳೆ ಗುಣ, ಬೇರೆ ಗುಣಗಳು ಅಷ್ಟಕ್ಕಷ್ಟೇ.

ದೊಡ್ಡ ಗಾಡಿಯ ಲೈಸೆನ್ಸಿಗೆ ಹೋದಾಗ ಪರೀಕ್ಷೆ ಮಾಡುವ ಸಾಹೇಬ ಎರಡು ಡ್ರಮ್ಮಿನ ನಡುವೆ ಲಾರಿಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೇಳಿದ. ತೆಗೆದುಕೊಂಡಳು. ಗಂಡಸರಿಗೆಲ್ಲ ಒಂದೇ ಸಲ, ಇವಳಿಗೆ ಮೂರು ಸಲ ಮಾಡಿಸಿದ. ಕೂಸು ನನ್ನ ಸೊಂಟದ ಮೇಲೆ ಕುಂಯ್‌ಗುಡುತ್ತಿತ್ತು. ಮೂರನೆಯ ಸಲ ಅವಳು ಬಾಗಿಲು ತೆಗೆದು ಹಿಂದೆ ನೋಡಲೂ ಇಲ್ಲ, ಬರೀ ಕನ್ನಡಿ ನೋಡಿ ತೆಗೆದಳು. ಕೆಳಗಿಳಿದು, “ಇನ್ನೊಮ್ಮಿ ಬೇಕೇನ್ರಿ ಸರ?” ಎಂದು ಕೇಳಿದಳು. ಸಾಹೇಬ ಸಹಿ ಹಾಕಿದ.

ಲೈಸೆನ್ಸ್ ಬಂತು, ಕ್ಲೀನರ್ ಬರಲಿಲ್ಲ. ನಮ್ಮ ಓಣಿಯಲ್ಲಿ ಕೆಲಸ ಇಲ್ಲದೆ ಕಟ್ಟೆ ಮೇಲೆ ಬಿದ್ದುಕೊಂಡಿದ್ದ ಗಂಡಸರನ್ನೆಲ್ಲ ಕೇಳಿದೆ. ಹೆಂಗಸಿನ ಕೈಕೆಳಗೆ ಕ್ಲೀನರ್ ಆಗಿ ಹೋಗುವುದಕ್ಕಿಂತ ಬಿದ್ದುಕೊಂಡಿರುವುದೇ ಮರ್ಯಾದೆ ಎಂದು ಅವರಿಗೆ ಅನಿಸಿತು. ಒಬ್ಬ ಮಾತ್ರ ನೇರವಾಗಿ ಹೇಳಿದ, ಬಂದರೆ ಹೆಂಡತಿ ನಗುತ್ತಾಳೆ ಎಂದು. ಹಾಗಾದರೆ ನಾನೇ ಬರುತ್ತೇನೆ ಎಂದೆ. ನನಗೆ ಆಗ ಐವತ್ತರ ಹತ್ತಿರ. ಹೊಲದ ಕೆಲಸ ಮಾಡಿದ ಮೈ, ಗಟ್ಟಿ ಇತ್ತು. ನಗುವುದಕ್ಕೆ ನನಗೆ ಹೆಂಡತಿಯೂ ಇರಲಿಲ್ಲ.

ಸೊಸೆ ಎರಡು ದಿನ ನನಗೆ ಕೆಲಸ ಕಲಿಸಿದಳು. ಹಗ್ಗ ಹೇಗೆ ಬಿಗಿಯಬೇಕು, ತಾಡಪತ್ರಿ ಹೇಗೆ ಮಡಚಬೇಕು, ಏರಿನಲ್ಲಿ ನಿಂತಾಗ ಗಾಲಿಗೆ ಕಲ್ಲು ಹೇಗೆ ಕೊಡಬೇಕು. ಲಾರಿಯ ಮೈಗೆ ಕೈಯಿಂದ ಒಂದು ಏಟು ಹೊಡೆದರೆ ನಿಲ್ಲು, ಎರಡು ಏಟು ಹೊಡೆದರೆ ಹೋಗು. ಎಡಕ್ಕೆ ತಿರುಗಬೇಕಾದರೆ ಕ್ಯಾಬಿನ್ನಿನ ಎಡಗಡೆ ಬಡಿ, ಬಲಕ್ಕಾದರೆ ಬಲಗಡೆ. ಇದರಲ್ಲಿ ಓದುವುದು ಏನೂ ಇರಲಿಲ್ಲ, ನನಗೆ ಸಮಾಧಾನವಾಯಿತು.

ಸ್ಟ್ಯಾಂಡಿನಲ್ಲಿ ಒಂದು ಕರಿ ಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಲಾರಿಗಳ ನಂಬರು. ಮೇಲಿದ್ದ ನಂಬರಿಗೆ ಮೊದಲ ಲೋಡು, ಲೋಡು ಸಿಕ್ಕ ಮೇಲೆ ಆ ನಂಬರು ಕೆಳಕ್ಕೆ ಹೋಗುತ್ತದೆ. ಅದಕ್ಕೆ ಪಾಳಿ ಅನ್ನುತ್ತಾರೆ. ಹಲಗೆ ಮೇಲೆ ನಂಬರು ಇಲ್ಲದ ಲಾರಿ ಇದ್ದೂ ಇಲ್ಲದ ಹಾಗೆ. ಮಗ ಹೋದ ವಾರವೇ ಏಜೆಂಟ ನಮ್ಮ ನಂಬರು ಒರೆಸಿದ್ದ. ಈಗ ಮತ್ತೆ ಬರೆಯಲು ಹೇಳಿದರೆ ಅವನು ಸ್ಟ್ಯಾಂಡಿನಲ್ಲಿದ್ದ ಡ್ರೈವರುಗಳ ಮುಖ ನೋಡಿದ. ಅವರು ಅವನ ಮುಖ ನೋಡಿದರು. ಎಲ್ಲರೂ ಸೇರಿ ನಕ್ಕರು. ಕೊನೆಗೆ ಅವನು ಒಂದು ಕರಾರು ಮಾಡಿದ.

“ಒಂದು ಟ್ರಿಪ್ ನೋಡೂಣು. ಮಂಡಕ್ಕಿ ಲೋಡ್ ಐತಿ, ಹಗುರಂದು, ಹೆಂಗಸರಿಗಿ ತಕ್ಕದ್ದು. ಮಧ್ಯಾಹ್ನ ಹನ್ನೆರಡರೊಳಗ ಹರಪನಹಳ್ಳಿ ಮುಟ್ಟಬೇಕು, ಒಂದು ಚೀಲ ಕಡಿಮಿ ಆಗಬಾರದು. ಮುಟ್ಟಿಸಿದ್ರ ಹಲಗಿ ಮ್ಯಾಲೆ ನಂಬರ್ ಬರೀತೀನಿ. ಇಲ್ಲಾಂದ್ರ ಗಾಡಿ ನನಗ ಕೊಟ್ಟು ಮನ್ಯಾಗ ಕುಂದರ್ರಿ.”

ಸೊಸೆ ಹೂಂ ಅಂದಳು. ಆಮೇಲೆ ಅವನು ನನ್ನ ಕಡೆ ತಿರುಗಿದ.

“ಯವ್ವಾ, ಕ್ಲೀನರಿಗಿ ದಾರ್ಯಾಗಿನ ಬೋರ್ಡ್ ಓದಾಕ ಬರಬೇಕು. ನಿನಗ ಬರ್ತೈತೇನು?”

“ಬರ್ತೈತಿ” ಎಂದೆ.

ಅದೇ ಆ ಸುಳ್ಳು. ಪೂರಾ ಸುಳ್ಳೂ ಅಲ್ಲ. ಕೆಲವು ವರ್ಷದ ಹಿಂದೆ ನಮ್ಮ ಓಣಿಯ ಗುಡಿ ಕಟ್ಟೆಯ ಮೇಲೆ ಲಾಟೀನು ಇಟ್ಟು ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದರು. ನಾನು ‘ಅ’ದಿಂದ ‘ಳ’ದವರೆಗೆ ಕಲಿತೆ. ಒತ್ತಕ್ಷರದ ಪಾಠ ಶುರುವಾದ ವಾರವೇ ಶೇಂಗಾ ಕೀಳುವ ಕೆಲಸವೂ ಶುರುವಾಯಿತು. ನಾನು ಶೇಂಗಾದ ಜೊತೆ ಹೋದೆ. ಅಂಕಿ ಬರುತ್ತಿತ್ತು. ಅಕ್ಷರ ಒಂದೊಂದೇ ಬಿಡಿಬಿಡಿಯಾಗಿ ಗುರುತು ಸಿಗುತ್ತಿತ್ತು, ನಾಲ್ಕು ಸೇರಿದರೆ ಜಾತ್ರೆಯಲ್ಲಿ ಕಂಡ ನೆಂಟರ ಹಾಗೆ ಎಲ್ಲೋ ನೋಡಿದ್ದೇನೆ ಅನಿಸಿ ಹೆಸರು ಮಾತ್ರ ನೆನಪಾಗುತ್ತಿರಲಿಲ್ಲ. ಒಂದೇ ಒಂದು ಹೆಸರು ಮಾತ್ರ ದೂರದಿಂದಲೂ ಗುರುತು ಸಿಗುತ್ತಿತ್ತು. ಬಸ್ ಸ್ಟ್ಯಾಂಡಿನ ಮೇಲೆ ದಿನಾ ನೋಡುತ್ತಿದ್ದ ನಮ್ಮೂರ ಹೆಸರು. ಉದ್ದಕ್ಕೆ ಇರುತ್ತದೆ, ಮೊದಲು ‘ಹ’, ಕೊನೆಗೆ ‘ಹಳ್ಳಿ’.

ಮಂಡಕ್ಕಿ ಹಗುರ ನಿಜ. ಒಂದು ಚೀಲವನ್ನು ನಾನು ಒಂದೇ ಕೈಯಲ್ಲಿ ಎತ್ತುತ್ತೇನೆ. ಆದರೆ ಲಾರಿ ಸ್ಟ್ಯಾಂಡಿನ ಯಾವ ಗಂಡಸೂ ಆ ಲೋಡನ್ನು ಖುಷಿಯಿಂದ ಒಯ್ಯುವುದಿಲ್ಲ. ತೂಕ ಇಲ್ಲದ್ದರಿಂದ ಚೀಲದ ಮೇಲೆ ಚೀಲ ಪೇರಿಸಿ ಪೇರಿಸಿ ಮನೆ ಮಾಳಿಗೆಗಿಂತ ಎತ್ತರ ಮಾಡುತ್ತಾರೆ. ಕರೆಂಟು ತಂತಿ ತಾಗುತ್ತದೆ, ಮರದ ಕೊಂಬೆ ಚೀಲ ಸೀಳುತ್ತದೆ, ಬಯಲಿನಲ್ಲಿ ಗಾಳಿ ಬೀಸಿದರೆ ಲಾರಿ ಕುಡಿದವನ ಹಾಗೆ ವಾಲುತ್ತದೆ. ಕಲ್ಲಿನ ಲೋಡು ರಸ್ತೆಗೆ ಅಂಟಿಕೊಂಡು ಹೋಗುತ್ತದೆ, ಮಂಡಕ್ಕಿ ಹಾರಿ ಹೋಗಲು ನೋಡುತ್ತಿರುತ್ತದೆ. ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ಲೋಡು ಆಗುವುದನ್ನು ನೋಡುತ್ತಾ ನಿಂತಾಗ ಸೊಸೆ ಇದನ್ನೆಲ್ಲ ನನಗೆ ಹೇಳಿದಳು. ಗೊತ್ತಿದ್ದೂ ಏಕೆ ಒಪ್ಪಿದೆ ಎಂದು ಕೇಳಿದೆ. ಬೇರೆ ಏನು ಕೊಡುತ್ತಿದ್ದರು ಎಂದು ನನ್ನನ್ನೇ ಕೇಳಿದಳು.

ಬೆಳಿಗ್ಗೆ ಏಳಕ್ಕೆ ಹೊರಟೆವು. ಹರಪನಹಳ್ಳಿಯಲ್ಲಿ ಮಾರನೇ ದಿನ ಸಂತೆ. ಸುತ್ತಿನ ಹಳ್ಳಿಗಳ ಸಣ್ಣ ವ್ಯಾಪಾರಿಗಳು ಹಿಂದಿನ ಮಧ್ಯಾಹ್ನವೇ ಅಂಗಡಿಗೆ ಬಂದು ಚೀಲ ಒಯ್ಯುತ್ತಾರೆ, ಅದಕ್ಕೇ ಹನ್ನೆರಡರ ಗಡುವು. ಎಷ್ಟು ನಿಧಾನ ಹೋದರೂ ಹತ್ತಕ್ಕೆ ಮುಟ್ಟುತ್ತೇವೆ ಎಂದು ಸೊಸೆ ಲೆಕ್ಕ ಹಾಕಿದ್ದಳು. ಸ್ಟೇರಿಂಗ್ ಪಕ್ಕದಲ್ಲಿ, ಕೈಗೆ ಎಟಕುವ ಹಾಗೆ, ನನ್ನ ಹಳೇ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿದೆವು. ಲಾರಿ ಅಲುಗಾಡುವುದೇ ಅದಕ್ಕೆ ತೂಗಿದ ಹಾಗಾಗಿ ಸುಮ್ಮನೆ ನಿದ್ದೆ ಹೋಯಿತು. ನಾನು ಒಳಗೆ ಕೂರುವ ಹಾಗಿರಲಿಲ್ಲ. ಕಚ್ಚೆ ಕಟ್ಟಿಕೊಂಡು ಹಗ್ಗ ಹಿಡಿದು ಚೀಲಗಳ ಮೇಲೆ ಹತ್ತಿದೆ. ಕೈಯಲ್ಲಿ ತುದಿಗೆ ಕವಲಿದ್ದ ಒಣ ಬಿದಿರು ಕೋಲು. ತಂತಿ ಬಂದಾಗ ಅದನ್ನು ಕವಲಿನಿಂದ ಮೇಲಕ್ಕೆ ಎತ್ತಿ ಹಿಡಿಯಬೇಕು, ಲಾರಿ ಅಡಿಯಲ್ಲಿ ಮೆಲ್ಲಗೆ ದಾಟಬೇಕು. ದಾಟಿದ ಮೇಲೆ ಬಿಡಬೇಕು.

ನಮ್ಮೂರ ಜನ ಎಲ್ಲರೂ ಬೀದಿಗೆ ಬಂದಿದ್ದರು. ಮಂಡಕ್ಕಿ ಗುಡ್ಡದ ಮೇಲೆ ಕೋಲು ಹಿಡಿದು ಕೂತ ಮುದುಕಿ, ಕೆಳಗೆ ಸ್ಟೇರಿಂಗ್ ಹಿಡಿದ ಹಸುಗೂಸಿನ ತಾಯಿ. ನೋಡುವಂಥದ್ದೇ. ಒಬ್ಬ, ದೇವರ ಮೆರವಣಿಗೆ ಹೊಂಟೈತಿ ಎಂದು ಕೈ ಮುಗಿದ. ಕೋಲಿನಿಂದ ಅವನ ರುಮಾಲು ಎತ್ತಿ ಅವನ ಚಪ್ಪರದ ಮೇಲೆ ಹಾಕಿ ಮುಂದೆ ಹೋದೆ.

ಊರು ದಾಟಿ ಒಂದು ಗಂಟೆಯಾದ ಮೇಲೆ ದಾರಿ ಎರಡಾಗುವ ಜಾಗ ಬಂತು. ಎರಡೂ ಕಡೆಗೆ ಬಾಣದ ಗುರುತು ಹಾಕಿದ ಒಂದು ಬೋರ್ಡು. ಬದಿಯ ಬೇವಿನ ಮರದ ಕೊಂಬೆಯೊಂದು ರಸ್ತೆಗೆ ಬಾಗಿತ್ತು, ಹಿಂದಿನಿಂದ ಬಸ್ಸೊಂದು ಹಾರನ್ ಹೊಡೆಯುತ್ತಿತ್ತು. ಸೊಸೆ ಏಳನೆಯ ತರಗತಿ ಓದಿದವಳು, ಓದಬಲ್ಲಳು. ಆದರೆ ಈ ದಾರಿ ಅವಳಿಗೂ ಹೊಸದು, ಒಂದು ಕಣ್ಣು ಕೊಂಬೆಯ ಮೇಲೆ, ಇನ್ನೊಂದು ಕನ್ನಡಿಯಲ್ಲಿ. ಬೋರ್ಡು ನೋಡುವುದು ನನ್ನ ಕೆಲಸ.

ನೋಡಿದೆ. ಎರಡು ಹೆಸರು. ಎರಡೂ ‘ಹ’ದಿಂದಲೇ ಶುರು. ಒಂದು ಉದ್ದ ಹೆಸರು, ಕೊನೆಗೆ ‘ಹಳ್ಳಿ’. ಇನ್ನೊಂದು ಗಿಡ್ಡ.

ನನ್ನ ತಲೆ ಹೀಗೆ ಓಡಿತು. ಉದ್ದದ್ದು, ‘ಹ’ದಿಂದ ಶುರುವಾಗಿ ‘ಹಳ್ಳಿ’ಯಲ್ಲಿ ಮುಗಿಯುವುದು ನಮ್ಮೂರು. ಅದು ನನಗೆ ಚೆನ್ನಾಗಿ ಗೊತ್ತು. ಆ ದಾರಿ ಎಲ್ಲೋ ಸುತ್ತು ಹಾಕಿ ಮತ್ತೆ ಹಗರಿಬೊಮ್ಮನಹಳ್ಳಿಗೇ ಹೋಗುತ್ತದೆ. ಹಾಗಾದರೆ ಉಳಿದ ಇನ್ನೊಂದು ‘ಹ’ ಹರಪನಹಳ್ಳಿಯೇ ಆಗಬೇಕು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ಕೋಲಿನಿಂದ ಕ್ಯಾಬಿನ್ನಿನ ಬಲಗಡೆ ಬಡಿದೆ. ಲಾರಿ ಬಲಕ್ಕೆ ತಿರುಗಿತು.

ಹರಪನಹಳ್ಳಿಯೂ ‘ಹ’ದಿಂದ ಶುರುವಾಗಿ ‘ಹಳ್ಳಿ’ಯಲ್ಲೇ ಮುಗಿಯುತ್ತದೆ ಎಂದು ನನಗೆ ಹೊಳೆಯಲಿಲ್ಲ. ಬಾಯಲ್ಲಿ ಸಾವಿರ ಸಲ ಅಂದಿದ್ದೇನೆ, ಬೋರ್ಡಿನ ಮೇಲೆ ನಿಲ್ಲಿಸಿ ನೋಡಿರಲಿಲ್ಲ.

ಆ ದಾರಿಯಲ್ಲಿ ಬಹಳ ಹೊತ್ತು ಹೋದೆವು. ತಂತಿ ಎತ್ತಿದೆ, ಕೊಂಬೆ ತಳ್ಳಿದೆ, ನನ್ನ ಕೆಲಸ ನಾನು ಚೆನ್ನಾಗಿಯೇ ಮಾಡುತ್ತಿದ್ದೆ. ಕೂಸು ಎದ್ದು ಅಳಲು ಶುರು ಮಾಡಿತು. ಸೊಸೆ ಸ್ವಲ್ಪ ದೂರ ಹಾಡಿ ನೋಡಿದಳು, ಕೈ ಚಾಚಿ ಜೋಲಿ ತೂಗಿ ನೋಡಿದಳು, ಆಗಲಿಲ್ಲ. ಬದಿಗೆ ನಿಲ್ಲಿಸಿದಳು. ಅಷ್ಟರಲ್ಲಿ ಅವಳ ಕುಪ್ಪಸವೂ ನೆನೆದಿತ್ತು. ನಾನು ಇಳಿದು ಹಗ್ಗ ನೋಡುತ್ತಿದ್ದಾಗ ಜೀಪಿನಲ್ಲಿ ನಾಲ್ಕು ಜನ ಬಂದು, ರಸ್ತೆಗೆ ಅರ್ಧ ಅಡ್ಡವಾಗಿ ನಿಂತ ಲಾರಿ ನೋಡಿ ಕೂಗಾಡಿದರು.

“ಡ್ರೈವರ್ ಎಲ್ಲಿ ಹೋಗ್ಯಾನಬೇ?”

“ಎಲ್ಲಿಗೂ ಹೋಗಿಲ್ಲ” ಎಂದೆ. “ಹಾಲು ಕುಡಿಸಾಕತ್ಯಾನ.”

ಒಬ್ಬ ಇಳಿದು ಕ್ಯಾಬಿನ್ನಿನ ಕಡೆ ಹೋಗಿ ಇಣುಕಿದ, ಹಾವು ತುಳಿದವನ ಹಾಗೆ ಹಿಂದೆ ಬಂದ. ಜೀಪು ರಸ್ತೆ ಬಿಟ್ಟು ಕೆಳಗಿಳಿದು ಮುಳ್ಳಿನ ಮೇಲೆ ಹಾದು ಹೋಯಿತು.

ಮತ್ತೆ ಹೊರಟ ಮೇಲೆ ಗಾಳಿಯಲ್ಲಿ ಏನೋ ವಾಸನೆ. ರಸ್ತೆ ಬದಿಯಲ್ಲಿ ಸಾಲುಸಾಲು ಗಿಡ, ಹೆಂಗಸರು ಬಗ್ಗಿ ಮೊಗ್ಗು ಬಿಡಿಸುತ್ತಿದ್ದರು. ನಾನು ಮೇಲೆ ಕೂತು, ಹರಪನಹಳ್ಳಿಯಲ್ಲಿ ಮಲ್ಲಿಗೆ ಯಾವಾಗ ಹಾಕಿದರು ಎಂದು ಯೋಚಿಸುತ್ತಿದ್ದೆ. ಒಬ್ಬಳು ಒದ್ದೆ ಬಟ್ಟೆಯ ಗಂಟು ಹೊತ್ತು ರಸ್ತೆಗೆ ಬಂದಳು. ಒಂದು ಏಟು ಬಡಿದು ಲಾರಿ ನಿಲ್ಲಿಸಿ ಕೇಳಿದೆ, ಹರಪನಹಳ್ಳಿ ಇನ್ನೆಷ್ಟು ದೂರ ಎಂದು.

“ಹರಪನಹಳ್ಳೀನಾ? ಯವ್ವಾ, ಇದು ಹಡಗಲಿ. ಕಣ್ಣು ಹೋದ್ರ ಹೋಗ್ಲಿ, ನಿಮಗ ಮೂಗೂ ಇಲ್ಲೇನು?”

ಹಡಗಲಿಯ ಮಲ್ಲಿಗೆ ಗೊತ್ತಿಲ್ಲದವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ. ಅಕ್ಷರ ಓದದವಳು ವಾಸನೆಯನ್ನಾದರೂ ಓದಬೇಕಿತ್ತು. ನಾನು ಮೇಲಿಂದ ಇಳಿದು ಬಂದೆ. ಸೊಸೆ ಎಂಜಿನ್ ಆರಿಸಿ ನನ್ನ ಮುಖ ನೋಡಿದಳು. ನಾನು ಅತ್ತೆ, ಅವಳು ಸೊಸೆ. ಅದುವರೆಗೆ ಆ ಮನೆಯಲ್ಲಿ ತಪ್ಪು ಹುಡುಕುವ ಕೆಲಸ ನನ್ನದಾಗಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ನಾನು ಮೂರು ದಿನ ಆಡಿಕೊಳ್ಳುತ್ತಿದ್ದೆ. ಈಗ ಅವಳ ಸರದಿ ಎಂದು ಕಾದೆ.

“ಬೋರ್ಡಿನ ಮ್ಯಾಲೆ ಏನಿತ್ತು ಅತ್ತಿ?”

“ಹ ಇತ್ತು.”

“ಆಮ್ಯಾಲೆ?”

“ಆಮ್ಯಾಲಿಂದು ನನಗ ಬರಂಗಿಲ್ಲ.”

 ಅವಳು ಹೂವಿನ ಹೆಂಗಸಿನ ಹತ್ತಿರ ಅಲ್ಲಿಂದ ಹರಪನಹಳ್ಳಿಗೆ ಹೋಗುವ ದಾರಿ ಕೇಳಿಕೊಂಡಳು. ಬಂದ ದಾರಿಯಲ್ಲೇ ಹಿಂದೆ ಹೋದರೆ ಇನ್ನೂ ತಡ. ಮುಂದಿನ ದಾರಿ ಬಯಲು, ಗಾಳಿ ಹೆಚ್ಚು, ಆದರೆ ನೇರ. ನನಗೆ ಹೇಳಿದ್ದು ಇಷ್ಟೇ, “ಹತ್ರಿ ಮ್ಯಾಲೆ. ಹಗ್ಗ ಬಿಗಿ ಹಿಡೀರಿ.” ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳಿಗೆ ಅದು ಗೊತ್ತಿತ್ತು ಎಂದು ಕಾಣುತ್ತದೆ, ಬೈಯಲಿಲ್ಲ.

ಬಯಲಿನಲ್ಲಿ ಹೊತ್ತು ಏರಿದ ಹಾಗೆ ಗಾಳಿಯೂ ಏರಿತು. ಎಡದಿಂದ ಬೀಸಿದರೆ ಲೋಡೆಲ್ಲ ಬಲಕ್ಕೆ ವಾಲುತ್ತಿತ್ತು. ಮೇಲೆ ಕೂತವಳಿಗೆ ಕೆಳಗಿನ ರಸ್ತೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಕಾಣುತ್ತಿತ್ತು. ಸೊಸೆ ಗಾಳಿ ಬಂದ ಕಡೆಗೆ ಸ್ವಲ್ಪ ಸ್ವಲ್ಪವೇ ಸ್ಟೇರಿಂಗ್ ತಿರುವುತ್ತಾ, ನಡೆದು ಹೋಗುವವರೂ ನಮ್ಮನ್ನು ದಾಟಿ ಹೋಗುವಷ್ಟು ನಿಧಾನವಾಗಿ ಹೋದಳು. ಒಂದು ತಿರುವಿನಲ್ಲಿ ಹಿಂದಿನ ಹಗ್ಗ ಸಡಿಲಾಯಿತು. ಒಂದು ಏಟು ಬಡಿದೆ. ಲಾರಿ ನಿಲ್ಲುವಷ್ಟರಲ್ಲಿ ತುದಿಯ ಒಂದು ಚೀಲ ಜಾರಿ ಕೆಳಗೆ ಬಿದ್ದು ಒಡೆಯಿತು. ಮಂಡಕ್ಕಿ ಗಾಳಿಗೆ ಎದ್ದು ಹೊಲದ ಮೇಲೆ ಹಾರಿ ಹೋಯಿತು. ಎಲ್ಲಿದ್ದವೋ ಮೇಕೆಗಳು, ಓಡಿ ಬಂದವು. ನಾನು ಚೀಲಗಳ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಒಂದು ಕಾಲನ್ನು ಹಗ್ಗಕ್ಕೆ ಸಿಕ್ಕಿಸಿಕೊಂಡು ಇನ್ನೊಂದು ಹಗ್ಗ ಎಳೆದೆ. ಕೆಳಗಿನಿಂದ ಅವಳು ಎಳೆದಳು. ಅಂಗೈ ಚರ್ಮ ಸುಲಿಯಿತು. ಬಿಗಿದು ಗಂಟು ಹಾಕಿ ಎರಡು ಏಟು ಬಡಿದೆ, ಹೊರಟೆವು. ಒಡೆದ ಚೀಲಕ್ಕೆ ಅಳುವಷ್ಟು ಸಮಯ ಇರಲಿಲ್ಲ.

ಹರಪನಹಳ್ಳಿ ಮುಟ್ಟಿದಾಗ ಎರಡು ಗಂಟೆ ದಾಟಿತ್ತು. ಅಂಗಡಿಯವನು ಬಾಗಿಲಲ್ಲೇ ನಿಂತಿದ್ದ.

“ಇಷ್ಟೊತ್ತಿಗ್ ಬರಾದೇನಮ್ಮ? ಹಳ್ಳಿ ಜನ ಕಾದು ಕಾದು ಬೇರೆ ಅಂಗ್ಡಿಗೆ ಹೋದ್ರು.”

ಚೀಲ ಎಣಿಸಿದ, ಒಂದು ಕಡಿಮೆ ಬಂತು. ಏಜೆಂಟನಿಗೆ ಒಂದು ಚೀಟಿ ಬರೆದು ಮಡಚಿ ಸೊಸೆಯ ಕೈಗೆ ಕೊಟ್ಟ. ಊರ ಹೊರಗೆ ಬಂದ ಮೇಲೆ ಅವಳು ನನಗೆ ಅದನ್ನು ಓದಿ ಹೇಳಿದಳು. ತಡವಾಗಿ ಬಂತು, ಒಂದು ಚೀಲ ಕಡಿಮೆ, ದಾರಿ ತಪ್ಪಿ ಹಡಗಲಿಗೆ ಹೋಗಿದ್ದರಂತೆ, ಇನ್ನು ಮುಂದೆ ಹೆಂಗಸರ ಗಾಡಿಯಲ್ಲಿ ಕಳಿಸಬೇಡಿ ಎಂದಿತ್ತು.

“ಹರಿದು ಒಗಿ” ಎಂದೆ. ದಾರಿಯಲ್ಲಿ ಗಾಳಿಗೆ ಹಾರಿತು ಎಂದು ಹೇಳಿದರಾಯಿತು, ಒಂದು ಚೀಲ ಮಂಡಕ್ಕಿಯೇ ಹಾರಿ ಹೋಗಿದೆ, ಕಾಗದದ ಚೂರು ಹಾರದೇ ಇರುತ್ತದೆಯೇ.

“ಹರಿದ್ರ ನಾವು ಅಂಜಿದಂಗ ಆಗ್ತೈತಿ” ಎಂದಳು. ಚೀಟಿಯನ್ನು ಕುಪ್ಪಸದೊಳಗೆ ಇಟ್ಟುಕೊಂಡಳು.

ವಾಪಸು ಬರುವಾಗ ಖಾಲಿ ಲಾರಿ, ನಾನು ಕ್ಯಾಬಿನ್ನಿನಲ್ಲಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದೆ. ದಾರಿ ಎರಡಾದ ಜಾಗದಲ್ಲಿ ನಾನು ಕೇಳದೆಯೇ ಅವಳು ಲಾರಿ ನಿಲ್ಲಿಸಿದಳು. ನಾನು ಇಳಿದು ಬೋರ್ಡಿನ ಮುಂದೆ ನಿಂತು ನೋಡಿದೆ. ಗಿಡ್ಡ ಹೆಸರಿನಲ್ಲಿ ‘ಹ’ದ ಪಕ್ಕ ‘ಡ’. ಉದ್ದದ್ದರಲ್ಲಿ ‘ಹ’ದ ಪಕ್ಕ ‘ರ’. ನಮ್ಮೂರ ಹೆಸರಿನಲ್ಲಿ ‘ಹ’ದ ಪಕ್ಕ ‘ಗ’ ಇರುತ್ತದೆ. ಇಷ್ಟೇ ವ್ಯತ್ಯಾಸ. ಮೂರು ಊರಿಗೆ ಮೂರು ಅಕ್ಷರ. ಮೂರೂ ಅಕ್ಷರ ನನಗೆ ಬರುತ್ತಿದ್ದವು. ನಾನು ಎರಡನೆಯ ಅಕ್ಷರಕ್ಕೆ ಹೋಗಿಯೇ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಕೂಸನ್ನು ಜೋಲಿಗೆ ಹಾಕಿಕೊಂಡು ಲಾರಿಯಲ್ಲೇ ಸ್ಟ್ಯಾಂಡಿಗೆ ಹೋದೆವು. ಸುತ್ತ ಕಾಂಪೌಂಡು, ಒಂದೇ ಗೇಟು. ಒಳಗೆ ಏಳೆಂಟು ಲಾರಿ ಲೋಡು ಹೇರಿಕೊಂಡು ಹೊರಡಲು ತಯಾರಾಗಿದ್ದವು. ಡ್ರೈವರುಗಳು ಚಹಾ ಕುಡಿಯುತ್ತಾ ನಿಂತಿದ್ದರು. ಸೊಸೆ ಚೀಟಿ ಕೊಟ್ಟಳು. ಏಜೆಂಟ ಅದನ್ನು ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಓದಿದ, ಹಡಗಲಿ ಬಂದಾಗ ಎರಡು ಸಲ ಓದಿದ. ನಗು ನಿಂತ ಮೇಲೆ ನನ್ನ ಕಡೆ ನೋಡಿ ಹೇಳಿದ.

“ನಿನ್ನ ಸೊಸಿ ದಾರಿ ತಪ್ಯಾಳ ಅಂತ ಊರಿಗೆಲ್ಲ ಗೊತ್ತಾತು ಬಿಡಬೇ. ಕೀಲಿ ಕೊಡು.”

ಮತ್ತೆ ನಕ್ಕರು. ಯಾವ ಅರ್ಥಕ್ಕೆ ನಕ್ಕರು ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಅವಳು ಅವನ ಕಣ್ಣನ್ನೇ ನೋಡುತ್ತಾ ನಿಂತಿದ್ದಳು. ಬಾಯಿ ತೆರೆದರೆ ನನ್ನ ಹೆಸರು ಹೇಳಬೇಕಾಗುತ್ತದೆ ಎಂದು ಸುಮ್ಮನಿದ್ದಳು.

“ಅಕಿ ತಪ್ಪಿಲ್ಲ” ಎಂದೆ. “ನಾ ತಪ್ಪಿಸೀನಿ. ನನಗ ಓದಾಕ ಬರಂಗಿಲ್ಲ. ಬರ್ತೈತಿ ಅಂತ ನಿನ್ನ ಮುಂದ ಸುಳ್ಳು ಹೇಳಿದ್ನಿ. ತಪ್ಪು ಕ್ಲೀನರಂದು. ಕ್ಲೀನರ್ ತಪ್ಪು ಮಾಡಿದ್ರ ಡ್ರೈವರನ ಪಾಳಿ ತಗೀತಿಯೇನು?”

ಅಷ್ಟು ಗಂಡಸರ ಮುಂದೆ ಅನಕ್ಷರಸ್ಥೆ ಎಂದು ಒಪ್ಪಿಕೊಳ್ಳುವುದು ಸುಲಭ ಅಲ್ಲ. ಆದರೆ ಒಪ್ಪಿಕೊಂಡ ಮೇಲೆ ಕಳೆದುಕೊಳ್ಳಲು ಏನೂ ಉಳಿಯಲಿಲ್ಲ, ಬಾಯಿ ಸಲೀಸಾಯಿತು. ಚಹಾ ಕುಡಿಯುತ್ತಿದ್ದವರಲ್ಲಿ ದಪ್ಪ ಮೀಸೆಯ ಒಬ್ಬನನ್ನು ಹಿಡಿದೆ. ಅವನ ಹೆಂಡತಿ ನನ್ನ ಜೊತೆ ಕಳೆ ಕೀಳಲು ಬರುತ್ತಿದ್ದಳು, ಅವರ ಮನೆಯ ಸುದ್ದಿಯೆಲ್ಲ ನನಗೆ ಗೊತ್ತು.

“ಏನಪಾ, ಹೋದ ವರ್ಷ ನಿನ್ನ ಕ್ಲೀನರ್ ಉಳ್ಳಾಗಡ್ಡಿ ಲೋಡ್ ಕೊಟ್ಟೂರಿಗಿ ಅಂತ ತಗೊಂಡು ಕೂಡ್ಲಿಗಿಗಿ ಕರಕೊಂಡು ಹೋಗಿದ್ದನಲ್ಲ. ಎರಡೂ ‘ಕ’ ಅಂತ. ನಿನ್ನ ನಂಬರ್ ಒರಸಿದ್ರೇನು? ನೀ ದಾರಿ ತಪ್ಪಿದಿ ಅಂತ ಯಾರರ ಅಂದ್ರೇನು?”

ಅವನು ಚಹಾದ ಲೋಟದೊಳಗೆ ನೋಡಿದ. ಈಗ ನಗು ಅವನ ಕಡೆ ತಿರುಗಿತು. ಏಜೆಂಟ ಮಾತ್ರ ನಗಲಿಲ್ಲ. ಕರಾರು ಕರಾರೇ, ಹನ್ನೆರಡು ಅಂದರೆ ಹನ್ನೆರಡು, ಮೊದಲು ಗಾಡಿ ಹೊರಗೆ ತೆಗೆಯಿರಿ ಎಂದ.

ಸೊಸೆ ಅವನ ಮಾತು ಪಾಲಿಸಿದಳು. ಕ್ಯಾಬಿನ್ ಹತ್ತಿ ಲಾರಿಯನ್ನು ಗೇಟಿನವರೆಗೆ ತೆಗೆದುಕೊಂಡು ಹೋದಳು. ಅಲ್ಲಿ ಮುಂದೆ, ಹಿಂದೆ, ಮುಂದೆ, ಹಿಂದೆ ಮಾಡಿ, ಈ ಕಂಬದಿಂದ ಆ ಕಂಬದವರೆಗೆ ಅಡ್ಡಲಾಗಿ ನಿಲ್ಲಿಸಿ ಎಂಜಿನ್ ಆರಿಸಿದಳು. ಎರಡೂ ಬದಿಗೆ ಒಂದು ನಾಯಿ ದಾಟುವಷ್ಟೂ ಜಾಗ ಇರಲಿಲ್ಲ. ಲೈಸೆನ್ಸ್ ಸಾಹೇಬ ಮೂರು ಸಲ ಮಾಡಿಸಿದ್ದು ಸುಮ್ಮನೆ ಹೋಗಲಿಲ್ಲ. ಆಮೇಲೆ ಜೋಲಿಯಿಂದ ಕೂಸನ್ನು ಎತ್ತಿಕೊಂಡು, ಸೆರಗು ಹೊದೆಸಿ, ಹಾಲಿಗೆ ಹಚ್ಚಿಕೊಂಡಳು.

ನಾನು ಲಾರಿಯ ಮೈಗೆ ಅಂಗೈ ಒತ್ತಿ ನಿಂತೆ. ಹಗ್ಗದಿಂದ ಸುಲಿದ ಅಂಗೈ, ತಗಡು ತಣ್ಣಗಿತ್ತು.

ಒಳಗಿನ ಲಾರಿಗಳು ಒಂದೊಂದೇ ಸ್ಟಾರ್ಟ್ ಆದವು. ಹಾರನ್ ಹೊಡೆದರು. ಕೂಗಿದರು. ಮುಂದೆ ನಿಂತ ಲಾರಿಯವನು ಇಳಿದು ಬಂದು ನನ್ನ ಮುಖದ ಹತ್ತಿರ ಕೈ ತಂದು, ಗಾಡಿ ತೆಗೆಸು ಎಂದ. ಡ್ರೈವರ್ ಕೂಸಿಗೆ ಕುಡಿಸುತ್ತಿದ್ದಾಳೆ, ಮುಗಿಯಲಿ ಎಂದೆ. ಎಷ್ಟೊತ್ತು ಎಂದ. ನಿಮ್ಮವ್ವನ ಕೇಳು, ನೀ ಎಷ್ಟೊತ್ತು ಕುಡಿಯುತ್ತಿದ್ದಿ ಎಂದು ಅಂದೆ. ಕ್ಯಾಬಿನ್ ಹತ್ತಿ ಅವಳನ್ನು ಇಳಿಸುವ ಧೈರ್ಯ ಯಾರೂ ಮಾಡಲಿಲ್ಲ. ಬಾಯಿ ಮಾಡುವ ಗಂಡಸರು ಹಾಲು ಕುಡಿಸುವ ಹೆಂಗಸನ್ನು ಮುಟ್ಟಲು ಹೆದರುತ್ತಾರೆ. ಅದು ಮರ್ಯಾದೆಯೋ ಮೈಲಿಗೆಯೋ ನನಗೆ ಗೊತ್ತಿಲ್ಲ, ಅವತ್ತು ನಮಗೆ ಉಪಯೋಗಕ್ಕೆ ಬಂತು.

ಬಿಸಿಲು ಏರಿತು. ಲೋಡಿನವರು ಎಲ್ಲೆಲ್ಲಿಗೋ ಮುಟ್ಟಬೇಕಾಗಿತ್ತು, ಅವರಿಗೂ ಹನ್ನೆರಡರ ಗಡುವುಗಳಿದ್ದವು. ಕೊನೆಗೆ ಆ ದಪ್ಪ ಮೀಸೆಯವನೇ ಏಜೆಂಟನ ಹತ್ತಿರ ಹೋದ. ನಮ್ಮ ಮೇಲಿನ ಕರುಣೆಯಿಂದಲ್ಲ, ಅವನ ಗಾಡಿಯಲ್ಲಿ ಟೊಮೆಟೊ ಇತ್ತು.

“ಬರದು ಬಿಡಣ್ಣ. ನನ್ನ ಲೋಡ್ ಇಲ್ಲೇ ಸಾರು ಆಗಾಕತ್ತೈತಿ.”

ಉಳಿದವರೂ ದನಿ ಸೇರಿಸಿದರು. ಏಜೆಂಟ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಕೆಳಗಡೆ, ಎಲ್ಲರಿಗಿಂತ ಕೊನೆಗೆ, ನಮ್ಮ ನಂಬರು ಬರೆದ. ನಾನು ನಿಂತಲ್ಲಿಂದಲೇ ಓದಿದೆ. ಅಂಕಿ ನಾಲ್ಕೂ ಸರಿ ಇದ್ದವು. ಆದರೆ ಅಂಕಿಯ ಮುಂದೆ ಇನ್ನೇನೋ ಒಂದು ಇತ್ತು. ಬೇರೆ ಯಾವ ನಂಬರಿನ ಮುಂದೆಯೂ ಅದು ಇರಲಿಲ್ಲ.

“ಮುಂದ ಅದೇನು ಬರದಿದ್ದು?”

“ಗುರುತಿಗೆ” ಎಂದ.

“ಅದು ‘ಹೆ’. ಹೆಂಗಸರ ಗಾಡಿ ಅಂತ ಬರದೀ. ನಿನ್ನಿ ಇಡೀ ದಿನ ಹ ನೋಡೀನಿ, ಇವತ್ತು ಅದು ನನ್ನ ಕಣ್ಣು ತಪ್ಪಂಗಿಲ್ಲ. ಒರಸು.”

ಅವನು ನನ್ನನ್ನು ನೋಡಿದ, ಗೇಟನ್ನು ನೋಡಿದ, ಹೆಬ್ಬೆರಳಿನಿಂದ ಆ ಅಕ್ಷರ ಒರೆಸಿದ. ಬರೀ ನಂಬರು ಉಳಿಯಿತು, ಎಲ್ಲರದರ ಹಾಗೆ.

ನಾನು ಲಾರಿಯ ಮೈಗೆ ಎರಡು ಏಟು ಹೊಡೆದೆ.

ಲಾರಿ ಅಲುಗಲಿಲ್ಲ. ಇನ್ನೆರಡು ಹೊಡೆದೆ. ಸೊಸೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕೂಸಿನದು ಇನ್ನೂ ಮುಗಿದಿಲ್ಲ ಎಂದಳು. ಎಂಜಿನ್ ಆರಿಸಿ, ಅವರೆಲ್ಲ ಕಾದರು.